ಪಾಳು ಎಂದು ಬರೆದ ಮಡ್ಡಿ

ಇಂಡಿ ಪಟ್ಟಣದ ಹೊರವಲಯದ, ಕಪ್ಪು ಮಣ್ಣಿನ ಒಂದು ಎರೆಹೊಲದಲ್ಲಿ ಹಿಂದಿನ ದಿನ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ಅಳತೆಯ ಕೆಲಸಕ್ಕೆಂದು ನಾನು ಬದುವಿನ ಮೇಲೆ ಹೋಗುವ ಹೊತ್ತಿಗೆ ಮಂದೆ ಎದ್ದು ಹೋಗಿತ್ತು. ಹಿಕ್ಕೆ, ಉಚ್ಚೆ, ತುಳಿದ ಮಣ್ಣು ಉಳಿದಿದ್ದವು. ಮೂಗಿಗೆ ಖಾರದ ಹಾಗೆ ಏರಿದ ವಾಸನೆಗೆ ನಿಂತುಬಿಟ್ಟೆ. ಕಣ್ಣ ಮುಂದೆ ಬಂದದ್ದು ಕುರಿಗಳಲ್ಲ, ಕಿಟಕಿ ಮುಚ್ಚಿದ ಒಂದು ಕೋಣೆ, ಉದ್ದನೆಯ ಡಬ್ಬಿಯೊಳಗೆ ಸುತ್ತಿ ನಿಲ್ಲಿಸಿದ ಕಾಗದ, ಅದರ ತಳದ ಬಟ್ಟಲಿನಲ್ಲಿ ಅಮೋನಿಯಾ. ಆಗ ನಕಾಶೆಗಳ ಪ್ರತಿ ತೆಗೆಯುತ್ತಿದ್ದುದು ಹಾಗೆ. ಕುರಿಯ ದಡ್ಡಿಯಿಂದ ಏಳುವುದೂ ನಕಾಶೆಯ ಕೋಣೆಯಿಂದ ಏಳುವುದೂ ಒಂದೇ ಗಾಳಿ. ಇದು ನನಗೆ ತಿಳಿಯಲು ಏಳೆಂಟು ವರ್ಷ ಹಿಡಿಯಿತು.

ಆ ಕೋಣೆಯಲ್ಲಿ ಕಳೆದ ಒಂದು ವರ್ಷದ ಕತೆಯನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟು ಸಲ ಅದು ನುಣುಪಾಗಿದೆ, ಅದಕ್ಕೇ ಅದರ ಮೇಲೆ ನಂಬಿಕೆ ಹೋಗಿದೆ. ನಾನು ಹೇಳುವ ಕತೆಯಲ್ಲಿ ನಾನು ಸರ್ವೇಯರ್ ಹಳ್ಳೂರ ಸರ್ ಅವರ ಮುಂದೆ ಎದ್ದು ನಿಂತು ಮಾತಾಡುತ್ತೇನೆ. ನಾನು ಎದ್ದು ನಿಂತಿರಲಿಲ್ಲ. ಮೇಜಿನ ಮೇಲೆ ಬಾಗಿ ಗೆರೆ ಎಳೆಯುತ್ತಿದ್ದೆ. ಈ ಸಲ ಆ ಬಾಗಿದವನನ್ನು ಬರೆಯಲು ನೋಡುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಲಮಟ್ಟಿಯಲ್ಲಿ ನೀರು ನಿಲ್ಲತೊಡಗಿ ಹೊಳೆಸಾಲಿನ ಊರುಗಳು ಒಂದೊಂದಾಗಿ ಏಳಬೇಕಿತ್ತು. ಎದ್ದ ಊರನ್ನು ಮತ್ತೆ ಕೂಡಿಸಲು ಎತ್ತರದ, ಖಾಲಿ ಜಾಗ ಬೇಕು. ಅಂಥ ಜಾಗ ಹುಡುಕಿ ನಕಾಶೆ ಮಾಡಿಕೊಡುವ ಸಣ್ಣ ಕಚೇರಿಯೊಂದು ಬಸವನ ಬಾಗೇವಾಡಿಯ ಬಾಡಿಗೆ ಮನೆಯಲ್ಲಿತ್ತು. ಅಲ್ಲಿ ನಾನು ದಿನಗೂಲಿಯ ಟ್ರೇಸರ್. ಹಳೆಯ ನಕಾಶೆಯ ಮೇಲೆ ತೆಳುಕಾಗದ ಹಾಸಿ ಗೆರೆಗಳನ್ನು ಎತ್ತಿಕೊಳ್ಳುವುದು ನನ್ನ ಕೆಲಸ. ಹಳ್ಳೂರ ಸರ್ ನನ್ನನ್ನು ಹೆಸರಿನಿಂದ ಕರೆದದ್ದು ನೆನಪಿಲ್ಲ. "ಏ ಟ್ರೇಸರ್" ಅನ್ನುತ್ತಿದ್ದರು. ಮೂರನೆಯವನು ಅಳತೆಯ ಸರಪಳಿ ಹಿಡಿಯುವ ಲಾಲಸಾಬ. ಅವನಿಗೆ ಓದು ಬರುತ್ತಿರಲಿಲ್ಲ, ನೆಲ ಮಾತ್ರ ಕಾಲಲ್ಲೇ ಗೊತ್ತಾಗುತ್ತಿತ್ತು.

ನಮ್ಮ ಕೈಗೆ ಬಂದ ಹಾಳೆ ನನ್ನ ಅಜ್ಜನಿಗಿಂತ ಹಳೆಯದು. ಬ್ರಿಟಿಷರ ಕಾಲದ ಅಳತೆಯ ತಂಡ ಮಾಡಿದ್ದು, ಒಂದು ಇಂಚಿಗೆ ಒಂದು ಮೈಲಿ. ಬೆನ್ನಿಗೆ ಬಟ್ಟೆ ಅಂಟಿಸಿದ್ದರು. ಮಡಿಕೆ ಬಿದ್ದಲ್ಲಿ ಕಾಗದ ಉದುರಿ ಬಟ್ಟೆಯ ನೂಲು ಕಾಣುತ್ತಿತ್ತು. ಹೊಳೆಸಾಲಿನಲ್ಲಿ ಊರುಗಳು, ಬಂಡಿದಾರಿಗಳು, ತೋಪುಗಳು ಒಂದರ ಮೇಲೊಂದು ಬಿದ್ದಂತೆ ತುಂಬಿದ್ದರೆ, ಬಾಗೇವಾಡಿ ಮುದ್ದೇಬಿಹಾಳ ಸೀಮೆಗಳು ಕೂಡುವ ಕಡೆ ಹಾಳೆ ಬರಿದಾಗುತ್ತ ಹೋಗುತ್ತಿತ್ತು. ಅಲ್ಲಿ ಕಂದು ಬಣ್ಣದ ಗೆರೆಗಳು ಒತ್ತೊತ್ತಾಗಿ ಸುತ್ತಿ ಬಂದು ನಡುವೆ ಒಂದು ಬಿಳಿಯ ಜಾಗ ಬಿಟ್ಟಿದ್ದವು. ಗೆರೆ ಒತ್ತಿದ್ದರೆ ಏರು, ಗೆರೆ ಇಲ್ಲದಿದ್ದರೆ ಸಮತಟ್ಟು. ಬೋಳಮಡ್ಡಿ ಅಂತ ಅದರ ಹೆಸರು. ಮಡ್ಡಿ ಎಂದರೆ ನೇಗಿಲು ಇಳಿಯದ ಕಲ್ಲುನೆಲ. ಹೊಲಗಳ ಗಡಿ ಅದರ ಬುಡದವರೆಗೆ ಬಂದು ನಿಂತಿತ್ತು. ಮೇಲಿನದೆಲ್ಲ ಗಾಯರಾಣ, ದನ ಕುರಿ ಮೇಯಲು ಬಿಟ್ಟ ಸರಕಾರಿ ನೆಲ.

ಆ ಬಿಳಿಯ ಜಾಗವನ್ನು ನಾನು ಎಷ್ಟು ದಿನ ನೋಡಿದೆನೋ. ಒಂದು ಬದಿಗೆ ನೀಲಿ ಚುಕ್ಕೆಯ ಬಾವಿ. ಈಶಾನ್ಯದಿಂದ ಏರಿ ಬರುವ ಕಾಲುದಾರಿಯ ತುಂಡು ಗೆರೆ, ಬಾವಿಯ ಹತ್ತಿರ ಬಂದು ನಿಂತುಬಿಡುತ್ತದೆ. ಅದರ ಪಕ್ಕ ಸಾಸಿವೆಗಿಂತ ಸಣ್ಣ ಚೌಕಗಳು, ಹನ್ನೊಂದು. ತುಂಬಿದ ಚೌಕ ಎಂದರೆ ಮನೆ, ಬರೀ ಅಂಚಿನ ಚೌಕ ಎಂದರೆ ಬಿದ್ದ ಮನೆ ಎಂದು ಹಳ್ಳೂರ ಸರ್ ಕಲಿಸಿದ್ದರು. ಇವು ಬರೀ ಅಂಚಿನವು. ಪಕ್ಕದಲ್ಲಿ ಓರೆಯಾದ ಇಂಗ್ಲಿಷ್ ಅಕ್ಷರಗಳಲ್ಲಿ ಪಾಳು ಎಂದು ಬರೆದಿತ್ತು. ಆ ಹನ್ನೊಂದನ್ನು ತೆಳುಕಾಗದಕ್ಕೆ ಎತ್ತಿಕೊಳ್ಳುವಾಗ ನನಗೆ ಸಂತೋಷವಾಗಿತ್ತು. ಸಂತೋಷ ಎಂಬ ಮಾತನ್ನು ಅಳಿಸಬೇಕೆನಿಸುತ್ತದೆ. ಆದರೆ ಆಗಿತ್ತು. ಅಷ್ಟು ಸಣ್ಣ ಚೌಕದ ನಾಲ್ಕೂ ಮೂಲೆ ಕೂಡುವಂತೆ ಎಳೆಯುವುದು ಸುಲಭವಲ್ಲ.

ಸಂಕ್ರಾಂತಿ ಮುಗಿದ ವಾರ ಮೂವರೂ ಮಡ್ಡಿಗೆ ಹೋದೆವು. ಬುಡದಲ್ಲಿ ಜೀಪು ನಿಲ್ಲಿಸಿ ಹತ್ತಿದೆವು. ಹುಲ್ಲು ಒಣಗಿ ಬಿಳಿಚಿತ್ತು, ಗಾಳಿ ತಣ್ಣಗಿತ್ತು. ಹನ್ನೊಂದು ಮನೆಗಳ ಗೋಡೆಗಳು ಎದೆಯೆತ್ತರ ನಿಂತಿದ್ದವು. ಮೇಲೆ ಚಾವಣಿ ಇರಲಿಲ್ಲ, ಬಾಗಿಲಿಗೆ ಮುಳ್ಳುಕಂಟಿ ಜಡಿದಿತ್ತು. ಮನೆ ಎಣಿಸುವುದಕ್ಕೆ ನಮ್ಮಲ್ಲಿ ಒಂದು ಲೆಕ್ಕವಿತ್ತು. ಗೋಡೆ ಎಣಿಸಬಾರದು, ಮಂದಿ ಹೇಳಿದ್ದನ್ನು ಬರೆದುಕೊಳ್ಳಬಾರದು, ಒಲೆ ಎಣಿಸಬೇಕು. ಒಂದು ಒಲೆ ಎಂದರೆ ಒಂದು ಕುಟುಂಬ. ಹೊಳೆಸಾಲಿನ ಊರುಗಳಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಎಂದು ಬರೆಸಲು ಬಂದಾಗಲೂ ನಾವು ಸೀದಾ ಅಡುಗೆಮನೆಗೆ ಹೋಗುತ್ತಿದ್ದೆವು.

ಕಂಟಿ ಸರಿಸಿ ಒಳಗೆ ಹೋದವನು ನಾನು.

"ಒಲಿ ಎಷ್ಟದಾವ?" ಹೊರಗಿನಿಂದ ಹಳ್ಳೂರ ಸರ್ ಕೂಗಿದರು.

"ಒಂದೂ ಇಲ್ರಿ ಸರ್."

"ಸರಿ ನೋಡಿಯೋ, ಇಲ್ಲಾ ಬಾಗಲದಾಗ ನಿಂತು ಹೇಳಾಕತ್ತಿಯೋ?"

"ಮೂಲಿ ಮೂಲಿ ನೋಡೇನ್ರಿ. ಎಲ್ಲಾ ಸಾಪ ಅದಾವ."

ಲಾಲಸಾಬ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. "ಸರ್, ಈ ಮಣ್ಣ ಹೊಸಾದ್ ಅನಸ್ತೈತ್ರಿ. ಒಂದ್ ಮಳಿಗಾಲದ ಪೆಟ್ಟೂ ಬಿದ್ದಿಲ್ಲ ಇದಕ್ಕ."

"ಲಾಲಸಾಬ, ನಿನಗ ಪಗಾರ ಕೊಡೂದು ಸರಪಳಿ ಹಿಡ್ಯಾಕ. ಗೋಡಿದು ನಾಡಿ ಹಿಡ್ಯಾಕಲ್ಲ."

"ಹಂಗಲ್ರಿ, ಹಿಕ್ಕಿ ಸೈತ..."

"ಏ ಟ್ರೇಸರ್, ನಕಾಶದಾಗ ಏನ ಬರದೈತಿ ಹೇಳವಗ."

"ಪಾಳು ಅಂತ ಐತ್ರಿ."

"ಮುಗೀತಲ್ಲ. ಆವಾಗೂ ಪಾಳು, ಈವಾಗೂ ಪಾಳು. ಬರಕೋ."

ಬರೆದುಕೊಂಡೆ. ಒಲೆ: ಇಲ್ಲ. ವಸತಿ: ಇಲ್ಲ. ಕೆಳಗೆ ನನ್ನ ಸಹಿ. ನಕಾಶೆಯದೊಂದು ಸಾಕ್ಷಿ, ನನ್ನ ಕಣ್ಣಿನದೊಂದು ಸಾಕ್ಷಿ, ಎರಡೂ ಕೂಡಿದವು ಎಂದು ನನಗೆ ಗಟ್ಟಿ ನಂಬಿಕೆಯಿತ್ತು.

ಉಳಿದದ್ದು ಬೇಗ ಆಯಿತು. ಮಡ್ಡಿಯ ಮೇಲೆ ಹೊಸ ಊರು ಎಂದು ಮೇಲಿನವರು ಒಪ್ಪಿದರು. ನಾನು ಓಣಿಗಳನ್ನು ಎಳೆದೆ, ಅಮೋನಿಯಾ ಕೋಣೆಯಲ್ಲಿ ಪ್ರತಿ ತೆಗೆದೆ. ಬಿಸಿಲುಗಾಲದಲ್ಲಿ ಡೋಜರ್ ಹತ್ತಿ ಬಂದು ಗೋಡೆಗಳನ್ನು ನೆಲಸಮ ಮಾಡಿತು. ಇಳಿಜಾರಿನ ಒಂದು ಬದಿಯಲ್ಲಿ ಕಲ್ಲು ಒಡೆಯಲು ಹತ್ತಿದರು, ಇನ್ನೊಂದು ಬದಿಗೆ ಸಸಿ ನೆಟ್ಟು ತಂತಿ ಬಿಗಿದರು. ನಡುವಿನ ಸಮತಟ್ಟಿನಲ್ಲಿ ಗಡಿಕಲ್ಲು.

ಮೃಗಶಿರ ಮಳೆಯ ಮೊದಲ ಹನಿ ಬಿದ್ದಾಗ ನಾನು ಮಡ್ಡಿಯ ಮೇಲೆ ಲಾಲಸಾಬನಿಂದ ಮನೆ ಜಾಗಗಳ ಅಂಚಿಗೆ ಸುಣ್ಣದ ಪುಡಿ ಹಾಕಿಸುತ್ತಿದ್ದೆ. ನೆನಪು ಇಲ್ಲಿ ಜೋರು ಮಳೆ ತರುತ್ತದೆ, ಗುಡುಗು ಕೂಡ. ಅದು ನಿಜವಿರಲಾರದು, ಯಾಕೆಂದರೆ ಸುಣ್ಣದ ಗೆರೆಗಳು ಕರಗಿರಲಿಲ್ಲ. ಈಶಾನ್ಯದ ಕಾಲುದಾರಿಯಿಂದ ಮೊದಲು ನಾಯಿಗಳು ಬಂದವು. ಆಮೇಲೆ ಗಂಟುಮೂಟೆ ಹೊತ್ತ ಎರಡು ಕುದುರೆ. ಆಮೇಲೆ ಕುರಿ. ಎಷ್ಟು ಎಂದು ಕೇಳಬೇಡಿ, ಮಡ್ಡಿಯ ಅಂಚು ಹರಿದು ಬಿದ್ದಂತೆ ಬರುತ್ತಲೇ ಇದ್ದವು. ಗೋಡೆಗಳಿದ್ದ ಕಡೆ ಬಂದು ಗೊಂದಲಗೊಂಡು ಒಂದರ ಹೊಟ್ಟೆಗೆ ಒಂದು ತಲೆ ತೂರಿಸಿ ನಿಂತವು. ಹಿಂದೆ ಕಂಬಳಿ ಹೊದ್ದ ಗಂಡಸರು, ಕಂಕುಳಲ್ಲಿ ಮರಿಗಳನ್ನು ಹಿಡಿದ ಹೆಂಗಸರು. ಅವರಲ್ಲಿ ಎಲ್ಲರಿಗಿಂತ ಮುಂದೆ ಬಂದವಳು ಒಬ್ಬ ಮುದುಕಿ. ಮಾಳವ್ವ ಎಂದು ಅವಳ ಹೆಸರು.

ಅವಳು ಸುಣ್ಣದ ಗೆರೆಯ ಆಚೆ ನಿಂತು ನನ್ನನ್ನು ನೋಡಿದಳು. "ಯಾರಪಾ ನೀನು, ನಮ್ಮ ಮನಿಗೆ ಸುಣ್ಣಾ ಹೊಡ್ಯಾಕತ್ತೀದಿ? ಚೊಲೋ ಆತು ಬಿಡು. ಹುಟ್ಟಿದಾಗಿಂದ ನಮಗ ಸುಣ್ಣದ ಮನಿ ಆಗಿರಲಿಲ್ಲ. ಆದ್ರ ಗೋಡಿಗೆ ಹಚ್ಚೂದು ಬಿಟ್ಟು ನೆಲಕ್ಕ ಯಾಕ ಹಚ್ಚೀದಿ?"

ಹಿಂದಿನವರು ನಕ್ಕರು. ನಗುತ್ತಲೇ ನೆಲ ನೋಡಿ, ಗೋಡೆ ಇಲ್ಲದ್ದನ್ನು ಕಂಡು, ನಗು ನಿಲ್ಲಿಸಿದರು.

"ಇಲ್ಲಿ ಹೊಸ ಊರು ಬರತೈತಿ ಆಯಿ," ಎಂದೆ.

"ಹಳೇದೆಲ್ಲಿ ಹೋತು?"

"ಇಲ್ಲಿ ಯಾರೂ ಇರಲಿಲ್ಲ. ನಾನ ಬಂದು ನೋಡೇನಿ. ಒಲಿ ಸೈತ ಇರಲಿಲ್ಲ."

"ಒಲಿ ಹೆಂಗಿರತೈತೋ ಹುಚ್ಚಪ್ಪಾ?" ಅವಳಿಗೆ ಸಿಟ್ಟಿಗಿಂತ ಆಶ್ಚರ್ಯವಾಗಿತ್ತು. "ಹೋಗೂ ಮುಂದ ಕೆಡವಿ, ಸಾರಿಸಿ ಹೋಗತೇವಿ. ಬೆಂಕಿ ಇಲ್ಲದ ಒಲಿ ಬಿಟ್ಟು ಹೋದ್ರ ಹಸಿವು ಬಂದು ಅದರ ಮ್ಯಾಲ ಕುಂದರತೈತಿ. ನಾವು ತಿರುಗಿ ಬಂದು ಏಳವ್ವಾ ಅಂದ್ರ ಏಳತೈತೇನು? ನಿಮ್ಮವ್ವ ಇದೆಲ್ಲಾ ಹೇಳಿಲ್ಲೇನು ನಿನಗ?"

ನಮ್ಮವ್ವ ಹೇಳಿರಲಿಲ್ಲ. ನಮ್ಮದು ಊರು ಬಿಟ್ಟು ಏಳದ ಮನೆ.

ಮಾಳವ್ವನ ಮಗ ಅಮೋಗೆಪ್ಪ, ಆ ಹನ್ನೊಂದು ಮನೆಗಳಿಗೆ ಹಿರಿಯ.  ಕುರಿಗಳ ನಡುವೆ ಕುಕ್ಕರಿಸಿ ಒಂದರ ಕಾಲೆತ್ತಿ ಗೊರಸಿನ ಸಂದಿಯ ಮಣ್ಣು ತೆಗೆಯುತ್ತಿದ್ದ. ಆಮೇಲೆ ಲಾಲಸಾಬನ ಕಡೆ ತಿರುಗಿ, ನನಗೆ ಕೇಳಿಸುವಂತೆ ಹೇಳಿದ: "ಎರಿ ನೆಲ ಬ್ಯಾಸಿಗ್ಯಾಗ ತಾಯಿ, ಮಳಿಗಾಲದಾಗ ಮಾರಿ. ಕೆಸರಿನ್ಯಾಗ ಎಂಟ್ ದಿನಾ ನಿಂತ್ರ ಗೊರಸು ಕೊಳಿತಾವ. ಈ ಕಲ್ಲಿನ ಮ್ಯಾಲ ನಿಂತ್ರ ಬದುಕತಾವ. ಬ್ಯಾರೆ ಕಲ್ಲು ಎಲ್ಲೈತಿ ತೋರಸ್ರಿ, ಹೋಗತೇವಿ." ಅವರ ವರ್ಷವೆಲ್ಲ ಆ ಮಾತಿನಲ್ಲಿತ್ತು. ದೀಪಾವಳಿ ಮುಗಿಯುತ್ತಲೇ ಮಡ್ಡಿ ಇಳಿದು, ಸಿಂದಗಿ ದಾಟಿ, ಭೀಮೆಯ ದಂಡೆಯ ಹೊಲಗಳಲ್ಲಿ ಕುರಿ ನಿಲ್ಲಿಸುತ್ತ ಬೇಸಿಗೆ ಕಳೆಯುವುದು. ಮಳೆ ಬೀಳುವಾಗ ಕಲ್ಲುನೆಲಕ್ಕೆ ಮರಳುವುದು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅಮೋಗೆಪ್ಪ ಬಾಗೇವಾಡಿಯ ಕಚೇರಿಗೆ ಬಂದ. ಹೊರಗೆ ಚಪ್ಪಲಿ ಬಿಟ್ಟು, ಕಂಬಳಿ ಮಡಚಿ ಹೆಗಲಿಗೆ ಹಾಕಿ ಒಳಗೆ ಬಂದ. ಹಳ್ಳೂರ ಸರ್ ಇದ್ದರು. "ಆ ಹಳೇ ನಕಾಶದಾಗ ನಾವು ಅದೇವೇನು, ಒಂದಿಷ್ಟು ನೋಡಿ ಹೇಳ್ರಿ," ಎಂದ.

ಹಾಳೆ ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಅವನು ಮೊದಲು ಅದನ್ನು ತಿರುಗಿಸಿದ. ಉತ್ತರ ಕೆಳಗೆ ಬಂತು, ಅಕ್ಷರಗಳೆಲ್ಲ ತಲೆಕೆಳಗಾದವು. "ನಾವು ಬರೂದು ಇತ್ತಾಗಿಂದ," ಎಂದ. ನೀಲಿ ಗೆರೆ ಹಳ್ಳ, ತುಂಡು ಗೆರೆ ದಾರಿ ಎಂದು ನಾನು ಹೇಳಿದ್ದಷ್ಟೇ. ಅವನ ಬೆರಳು ನಡೆಯತೊಡಗಿತು. "ಇದು ತ್ವಾಳನ ಹಳ್ಳ. ಇಲ್ಲೊಂದು ಮಡು ಐತಿ, ಇವ್ರು ಬರದಿಲ್ಲ. ಇದು ಏರು, ಕುದರಿ ಇಲ್ಲಿ ನಿಂದರಸತೇವಿ. ಇದು ಬಾವಿ. ನಮ್ಮ ಮುತ್ಯಾನ ಅಪ್ಪ ತೋಡಿದ್ದು." ತಿಂಗಳುಗಟ್ಟಲೆ ನಾನು ಬಾಗಿ ನೋಡಿದ್ದ ಹಾಳೆಯನ್ನು ಅವನು ನಿಮಿಷಗಳಲ್ಲಿ ನಡೆದುಬಿಟ್ಟ. ಹಾಳೆಯ ಅಂಚು ಮುಗಿದರೂ ಬೆರಳು ನಿಲ್ಲಲಿಲ್ಲ. ಮೇಜಿನ ಕಟ್ಟಿಗೆಯ ಮೇಲೆ ಹೋಯಿತು. "ಸಿಂದಗಿ ಇಲ್ಲಿ. ಯಂಕಂಚಿ ಇಲ್ಲಿ. ಭೀಮಿ..." ಶಾಯಿ ದವತಿಯನ್ನು ಬೆರಳಿನಿಂದ ಸರಿಸಿ, "ಇಲ್ಲಿ," ಎಂದ.

ಆಮೇಲೆ ಬಾವಿಯ ಪಕ್ಕಕ್ಕೆ ಮರಳಿ ಬಂದು ಹನ್ನೊಂದು ಚೌಕಗಳ ಮೇಲೆ ಉಗುರಿಟ್ಟ. "ಇವು?"

"ಮನಿ."

"ಹಂಗಾರ ಅದೇವಲ್ಲ."

"ಮನಿ ಅದಾವ. ಮಂದಿ ಇಲ್ಲಂತ ಬರದಾರ."

"ಯಾವಾಗ ಬಂದು ನೋಡಿದ್ರು?"

ಆ ಪ್ರಶ್ನೆಯನ್ನು ನಾನು ಆವರೆಗೂ ಕೇಳಿಕೊಂಡಿರಲಿಲ್ಲ. ಹಾಳೆಯ ಕೆಳ ಅಂಚಿನಲ್ಲಿ ಅಳತೆಯ ವರ್ಷ ಇತ್ತು. ಒಂದು ವರ್ಷವಲ್ಲ, ನಡುವೆ ಸಣ್ಣ ಗೆರೆ ಹಾಕಿ ಕೂಡಿಸಿದ ಎರಡು ವರ್ಷ. ಅದರ ಅರ್ಥವನ್ನೂ ಹಳ್ಳೂರ ಸರ್ ಮೊದಲ ವಾರವೇ ಹೇಳಿಕೊಟ್ಟಿದ್ದರು. ಅಳತೆಯ ತಂಡ ಒಂದು ವರ್ಷದ ಮಳೆ ಮುಗಿದ ಮೇಲೆ ಡೇರೆ ಹಾಕುತ್ತದೆ, ಮುಂದಿನ ವರ್ಷದ ಮಳೆಗೆ ಮುಂಚೆ ಕೀಳುತ್ತದೆ. ಮಳೆಗಾಲದಲ್ಲಿ ಯಾರೂ ಅಳೆಯುವುದಿಲ್ಲ. ನಾನು ನಡುವಿನ ಚೌಕಗಳನ್ನು ಎಣಿಸಿದ್ದೆ, ಅಂಚನ್ನು ಓದಿರಲಿಲ್ಲ. ನಕಾಶೆಯದೂ ನನ್ನದೂ ಎರಡು ಸಾಕ್ಷಿಯಾಗಿರಲಿಲ್ಲ. ಇಬ್ಬರೂ ಚಳಿಗಾಲದಲ್ಲಿ ಬಂದು ಒಂದೇ ಮುಚ್ಚಿದ ಬಾಗಿಲು ನೋಡಿ ಹೋಗಿದ್ದೆವು.

"ಚಳಿಗಾಲದಾಗ ಬಂದಿರಬೇಕು," ಎಂದೆ.

ಅಮೋಗೆಪ್ಪ ನಕ್ಕ. "ಚಳಿಗಾಲದಾಗ ಬಂದ್ರ ನಾವ್ಯಾಕ ಸಿಗತೇವ್ರಿ? ಆ ಸಾಹೇಬ್ರಿಗೂ ಬುದ್ಧಿ ಇರಲಿಲ್ಲ."

'ಆ ಸಾಹೇಬ್ರಿಗೂ' ಎಂದು ಅವನು ಹೇಳಿದ್ದು ನನ್ನನ್ನು ಸೇರಿಸಿ. ಹಳ್ಳೂರ ಸರ್ ಅವನಿಗೆ ಚಹಾ ತರಿಸಿದರು.  ಅವರು ಕೆಟ್ಟವರಲ್ಲ ಎಂದು ಬರೆಯಬೇಕು, ಹಾಗೆ ಬರೆದರೆ ಎಲ್ಲ ಸುಲಭವಾಗುತ್ತದೆ ಎಂಬುದೂ ಗೊತ್ತಿದೆ. ಅವನು ಹೋದ ಮೇಲೆ ಹೇಳಿದರು: "ಅಂವ ಹೇಳೂದು ಖರೆ ಐತಿ. ಆದ್ರ ನೀರು ಬರೂ ತಾರೀಕು ನನ್ನ ಕಡೆ ಐತಿ. ಕುರಿ ಬರೂ ತಾರೀಕು ಯಾರ ಕಾಗದದಾಗ ಐತಿ? ಈ ಜಾಗ ಬಿಟ್ಟ್ರ ಹೊಳಿ ಮಂದಿನ್ನ ಎಲ್ಲಿ ಕುಂದರಸ್ಲಿ, ನಿಮ್ಮ ಮನ್ಯಾಗ?"

ನಾನು ಗೆರೆ ಎಳೆಯುತ್ತಿದ್ದೆ.

"ಒಲಿ ಇಲ್ಲಂತ ಬರದಾಂವ ನೀನು. ತಪ್ಪಾತು ಅಂತ ಬರೀತಿ ಅಂದ್ರ ಬರಿ, ಮ್ಯಾಲ ಕಳಸತೇನಿ. ಈ ವರ್ಷ ಖಾಯಂ ಮಾಡೂ ಯಾದ್ಯಾಗ ನಿನ್ನ ಹೆಸರೈತಿ. ಅದನ್ನೂ ನೆನಪಿಟ್ಟು ಬರಿ."

ಮರುದಿನವೇ ಬರೆದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ತಪ್ಪು ತಿದ್ದಿ ಬರೆಯುತ್ತೇನೆಂದು ಅಮೋಗೆಪ್ಪನಿಗೆ ಮಾತು ಕೊಟ್ಟಿದ್ದೆ, ಆದರೆ ಮರುದಿನ ಬರೆದಿರಲಿಲ್ಲ. ಒಂದು ಪುಟದ ಆ ಟಿಪ್ಪಣಿ ಬರೆಯಲು ನನಗೆ ಶ್ರಾವಣದವರೆಗೆ ಹಿಡಿಯಿತು.

ಅಷ್ಟರಲ್ಲಿ ಹೊಳೆಸಾಲಿನ ಜನ ಬಂದರು. ಟ್ರ್ಯಾಕ್ಟರುಗಳಲ್ಲಿ ಬಾಗಿಲು, ಚೌಕಟ್ಟು, ತೊಲೆ, ಬೀಸುವ ಕಲ್ಲು. ಒಬ್ಬಾಕೆ ತುಳಸಿಕಟ್ಟೆಯನ್ನು ಇಡಿಯಾಗಿ ಎಬ್ಬಿಸಿ ತಂದಿದ್ದಳು. ನೆಲಕ್ಕೆ ಇಳಿಸುವಾಗ ಅದು ಎರಡಾಗಿ ಒಡೆಯಿತು. ಅವರೂ ಸುಖದಿಂದ ಬಂದವರಲ್ಲ. ಕುರಿ ಒಳಗೆ ಬಂದರೆ ಕಲ್ಲು ತೂರುತ್ತಿದ್ದರು, ಆಮೇಲೆ ತಾವೇ ಅಳುತ್ತಿದ್ದರು. "ನಮ್ಮ ಊರು ನೀರಾಗ ಕುಂತೈತಿ. ನೀವು ತಿರುಗಾಡೂ ಮಂದಿ, ಎಲ್ಲರೆ ಹೋಗ್ರಿ. ನಾವೆಲ್ಲಿ ಹೋಗೂಣು?" ಎಂದು ಒಬ್ಬ ಅಮೋಗೆಪ್ಪನಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಅಮೋಗೆಪ್ಪ ಕುರಿಗಳನ್ನು ಇಳಿಜಾರಿನ ಕಡೆ ತಿರುಗಿಸಿದ. 

ಕುರಿಗಳು ಮಡ್ಡಿಯ ಬುಡದ ಎರೆಯಲ್ಲಿ ನಿಂತವು. ಆ ವರ್ಷ ಮಳೆ ಚೆನ್ನಾಗಿ ಆಯಿತು. ಊರೆಲ್ಲ ಹಾಗೆ ಹೇಳಿ ಸಂತೋಷಪಟ್ಟಿತು. ಆಷಾಢದಲ್ಲಿ ಒಮ್ಮೆ ಲಾಲಸಾಬ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ದೂರದಿಂದ ಕುರಿಗಳು ಮಲಗಿಕೊಂಡು ಮೇಯುತ್ತಿವೆ ಅನಿಸಿತು. ಹತ್ತಿರ ಹೋದಾಗ ಕಂಡಿತು. ಮುಂಗಾಲು ಊರಲಾಗದೆ ಮೊಣಕಾಲ ಮೇಲೆ ಕೂತು, ಮೊಣಕಾಲಲ್ಲೇ ಹೆಜ್ಜೆ ಸರಿಸುತ್ತ ಹುಲ್ಲು ಹರಿಯುತ್ತಿದ್ದವು. ಗೊರಸಿನ ಸಂದಿಯಿಂದ ಬರುವ ನಾತ ಬೇರೆ. ಅದನ್ನು ಯಾವುದಕ್ಕೂ ಹೋಲಿಸಲಾರೆ. ಮಾಳವ್ವ ಒಂದನ್ನು ತೊಡೆಯ ಮೇಲೆ ಕೆಡವಿಕೊಂಡು ಕುಡಗೋಲಿನ ತುದಿಯಿಂದ ಕೊಳೆತದ್ದನ್ನು ಹೆರೆದು ಬೇವಿನೆಣ್ಣೆ ಅರಿಶಿಣ ಮೆತ್ತುತ್ತಿದ್ದಳು. ಮುಗಿದ ಮೇಲೆ ಅದನ್ನು ಎತ್ತಿ ಇಟ್ಟಳು, ಎತ್ತಿ ಇಟ್ಟದ್ದು ಕೆಸರಿನಲ್ಲೇ. ಬೇರೆ ನೆಲ ಇರಲಿಲ್ಲ. ಸತ್ತವನ್ನು ಹಳ್ಳದ ಕಡೆ ಎಳೆದು ಹಾಕುತ್ತಿದ್ದರು. ಯಾರೂ ಎಣಿಸುತ್ತಿರಲಿಲ್ಲ.

"ಬರದೇನಪಾ ಆ ಕಾಗದಾ?" ಎಂದು ಕೇಳಿದಳು.

"ಬರ್ಯಾಕತ್ತೇನಿ ಆಯಿ."

"ಲಗೂನ ಬರಿ. ಇವಕ್ಕ ಓದಾಕ ಬರೂದಿಲ್ಲ, ಹಾದಿ ಕಾಯಾಕೂ ಬರೂದಿಲ್ಲ."

ಟಿಪ್ಪಣಿಗೆ ಭಾದ್ರಪದದಲ್ಲಿ ಉತ್ತರ ಬಂತು. ಅದರಲ್ಲಿ ಅಮೋಗೆಪ್ಪನ ದೂರನ್ನು ತಳ್ಳಿಹಾಕಿರಲಿಲ್ಲ. ಮೇಲಿನ ಅಧಿಕಾರಿಯೊಬ್ಬರು ಸ್ಥಳಕ್ಕೆ ಬಂದು ಪರಿಶೀಲಿಸುತ್ತಾರೆ, ವಸತಿ ಇದೆಯೆಂದು ಕಂಡರೆ ಇನ್ನೂ ಯಾರಿಗೂ ಕೊಡದೆ ಉಳಿದಿರುವ ಬಾವಿಯ ಬದಿಯ ಜಾಗವನ್ನು ಹನ್ನೊಂದು ಮನೆಗಳಿಗೂ ಮಂದೆಗೂ ಬಿಡಬಹುದು ಎಂದಿತ್ತು. ಕುರಿ ನಿಲ್ಲಲು ಅಷ್ಟು ಕಲ್ಲುನೆಲ ಕಡಿಮೆಯೇ, ಆದರೂ ಸಾಕಾಗುತ್ತಿತ್ತು. ಪರಿಶೀಲನೆ ಮಾತ್ರ ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ನಂತರ. ಮಳೆಗಾಲದಲ್ಲಿ ಯಾರೂ ಅಳೆಯುವುದಿಲ್ಲ.

ಅಮೋಗೆಪ್ಪನಿಗೆ ಹೇಳಲು ಹೋದೆ. ಅವನು ಹೇಳಿದ: "ದೀಪಾವಳಿ ಮ್ಯಾಲ ಇಲ್ಲಿ ಹುಲ್ಲಿನ ಕಡ್ಡಿ ಇರೂದಿಲ್ಲ. ಉಳದಾವನ್ನ ಕಟಗೊಂಡು ಸಾಹೇಬ್ರ ಹಾದಿ ಕಾಯಕೋಂತ ಕುಂತ್ರ ನಕಾಶದಾಗ ನಾವಿರತೇವಿ, ಕುರಿ ಇರೂದಿಲ್ಲ."

"ನಾ ಇರತೇನಿ," ಎಂದಳು ಮಾಳವ್ವ. "ನೀವು ಹೋಗ್ರಿ. ಮುದುಕಿಗೆ ಎಷ್ಟು ಹುಲ್ಲು ಬೇಕು?"

"ಒಬ್ಬಾಕಿನ ಹೆಂಗಿರ್ತಿ ಬೇ?"

"ಇಷ್ಟು ದೊಡ್ಡ ಊರು ಬಂದೈತಿ, ಒಬ್ಬಾಕಿ ಎಲ್ಲಿ?" ಎಂದು ನಕ್ಕು ನನ್ನ ಕಡೆ ತಿರುಗಿದಳು. "ತಮ್ಮಾ, ಅವ್ರು ಬಂದು ಏನ ನೋಡತಾರ?"

"ಒಲಿ ನೋಡತಾರ ಆಯಿ. ಒಂದ್ ಒಲಿ ಅಂದ್ರ ಒಂದ್ ಮನಿ."

ಈ ಮಾತು ನಾನು ಹೇಳಿದ್ದು. ಈ ಬರಹದಲ್ಲಿ ನನಗೆ ಪೂರ್ತಿ ಖಾತ್ರಿಯಿರುವ ಕೆಲವೇ ಸಂಗತಿಗಳಲ್ಲಿ ಇದೊಂದು.

ಅಧಿಕಾರಿ ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಹಳ್ಳೂರ ಸರ್ ರಜೆ ಹಾಕಿದ್ದರು. ನಾನು ಮತ್ತು ಲಾಲಸಾಬ ಜೊತೆಗೆ ಹೋದೆವು. ಮಡ್ಡಿ ಹತ್ತುವಾಗಲೇ ಬಾವಿಯ ಬದಿಯಿಂದ ಹೊಗೆ ಕಂಡಿತು, ಒಂದಲ್ಲ, ಸಾಲಾಗಿ. ಗಡಿಕಲ್ಲುಗಳ ನಡುವೆ, ಹಿಂದೆ ಒಂದೊಂದು ಮನೆಯಿದ್ದ ಜಾಗದಲ್ಲಿ, ಬಯಲಿನಲ್ಲೇ, ಮೂರು ಮೂರು ಕಲ್ಲಿನ ಹನ್ನೊಂದು ಒಲೆಗಳು ಉರಿಯುತ್ತಿದ್ದವು. ಅವುಗಳ ಸುತ್ತ ಸಾರಿಸಿ ರಂಗೋಲಿ ಎಳೆದಿತ್ತು. ಮಾಳವ್ವ ಬುಟ್ಟಿಯಲ್ಲಿ ಕುಳ್ಳು ಹೊತ್ತು ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದಳು. ದೀಪಾವಳಿಯಿಂದ ಅದೇ ಮಾಡುತ್ತಿದ್ದಳಂತೆ. ಕಣ್ಣುಗಳು ಹೊಗೆಗೆ ಊದಿದ್ದವು.

ಅಧಿಕಾರಿ ಮೆತ್ತಗಿನ ಮನುಷ್ಯ. ಮೊದಲ ಒಲೆಯ ಹತ್ತಿರ ನಿಂತು ಕೇಳಿದರು: "ಇದು ಯಾರದವ್ವಾ?"

"ನನ್ನ ಮಗಂದ್ರಿ, ಅಮೋಗಿದು."

"ಎಲ್ಲಿದಾನ?"

"ಭೀಮಿ ದಂಡ್ಯಾಗ್ರಿ, ಕುರಿ ಹಿಂದ."

"ಇದು?"

"ನಮ್ಮ ಮೈದುನಂದ್ರಿ. ಅಂವನೂ ಅಲ್ಲೇ. ಅದು ಅವನ ಹಿರೇ ಮಗಂದು. ಆ ಕಡೀದು ನಮ್ಮ ನಾದಿನೀದು."

"ಹಂಗಾರ ಇವನ್ನೆಲ್ಲ ಹಚ್ಚಿದವರು ಯಾರು?"

"ನಾನ್ರಿ," ಎಂದಳು ಮಾಳವ್ವ. ಅವಳ ಮುಖ ಅರಳಿತ್ತು. "ಹನ್ನೊಂದೂ ನಾನ ಹಚ್ಚೇನಿ. ಮುಂಜಾನೆ ಈ ಕಡಿಂದ ಹೊಂಟ್ರ ಹೊತ್ತು ಏರೂದ್ರಾಗ ಆ ಕಡಿ ಮುಟ್ಟತೇನಿ. ಒಂದ್ ದಿನಾ ಆರಗೊಟ್ಟಿಲ್ಲ."

"ಅಡಗಿ ಯಾವುದರ ಮ್ಯಾಲ ಮಾಡ್ತಿ?"

"ಒಬ್ಬಾಕಿಗೆ ಎಷ್ಟ ಬೇಕ್ರಿ? ಒಂದರ ಮ್ಯಾಲ ಎರಡ ರೊಟ್ಟಿ ಆದ್ರ ಮುಗೀತು."

ಅಧಿಕಾರಿಯ ಮುಖ ನಿಧಾನವಾಗಿ ಮುಚ್ಚಿಕೊಂಡಿತು. ಅದನ್ನು ನಾನು ನೋಡಿದೆ. ಲಾಲಸಾಬನೂ ನೋಡಿದ, ನೋಡಿ ನನ್ನ ಕಡೆ ನೋಡಿದ. "ಹಿಂಗ ಹಚ್ಚಿಡು ಅಂತ ನಿನಗ ಯಾರು ಹೇಳಿಕೊಟ್ರವ್ವಾ?" ಅಧಿಕಾರಿಯ ದನಿ ಈಗಲೂ ಮೆತ್ತಗೇ ಇತ್ತು.

ಮಾಳವ್ವ ನನ್ನ ಕಡೆ ತಿರುಗಲಿಲ್ಲ. ಕೇಳುತ್ತಿರುವುದು ಏನು ಎಂದು ಅವಳಿಗೆ ಅಷ್ಟರಲ್ಲಿ ಅರ್ಧ ತಿಳಿದಿರಬೇಕು. "ಒಲಿ ಹಚ್ಚೂದು ಹೆಂಗಸರಿಗೆ ಯಾರು ಹೇಳಿಕೊಡಬೇಕ್ರಿ?" ಎಂದಳು.

ಆಗ ಹೇಳಬಹುದಿತ್ತು. ನಾನು ಹೇಳಿದ್ದು, ಅವರು ಪ್ರತಿ ವರ್ಷ ಕೆಡವಿ ಹೋಗುತ್ತಾರೆ, ಹೋದ ಸಂಕ್ರಾಂತಿಗೆ ನಾನು ನೋಡಿದ್ದು ಕೆಡವಿದ ಒಲೆಗಳನ್ನು, ನಕಾಶೆಯ ಅಂಚು ನೋಡಿ, ತಿಂಗಳು ನೋಡಿ. ಎಲ್ಲವೂ ನಾಲಿಗೆಯ ಮೇಲಿತ್ತು. ಆ ತಿಂಗಳು ನನ್ನನ್ನು ಖಾಯಂ ಮಾಡಿದ ಕಾಗದವೂ ಬಂದಿತ್ತು. ಸಾಹೇಬರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ತೋರಿಕೆಗಾಗಿ ಹೂಡಿದ ಒಲೆಗಳು. ವಾಸಿಸುವ ಕುಟುಂಬಗಳು ಕಂಡುಬಂದಿಲ್ಲ. ದೂರು ಸುಳ್ಳು. ಒಂದೇ ವರ್ಷದಲ್ಲಿ ಎರಡನೆಯ ಸಲ, ಅದೇ ಕೈಬರಹ.

ಅವರು ಜೀಪಿನ ಕಡೆ ಇಳಿದರು. ಮಾಳವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಎಲ್ಲಾರದೂ ಬರಕೊಂಡ್ರೇನಪಾ?"

ಹಲವರಿಗೆ ಹೇಳಿದ ಕತೆಯಲ್ಲಿ ಇಲ್ಲಿ ನಾನು ತಲೆ ತಗ್ಗಿಸಿ ಸುಮ್ಮನೆ ನಿಲ್ಲುತ್ತೇನೆ. ಸುಮ್ಮನಿರುವುದರಲ್ಲಿ ಒಂದು ಮರ್ಯಾದೆಯಿದೆ. ನಾನು ಸುಮ್ಮನಿರಲಿಲ್ಲ.

"ಬರಕೊಂಡ್ರು ಆಯಿ."

"ಹನ್ನೊಂದೂ?"

"ಹನ್ನೊಂದೂ."

ಅವಳು ಹೂಂ ಎಂದು ಉಸಿರು ಬಿಟ್ಟಳು. ಅಂದೇ ಒಲೆಗಳನ್ನು ಕೆಡವಿ ಗಂಟು ಕಟ್ಟಿದಳು. ಮಗನಿಗೆ ತಾನೇ ಹೋಗಿ ಹೇಳಬೇಕೆಂದಳು. ಮರುದಿನ ಬಾಗೇವಾಡಿಯಲ್ಲಿ ಅವಳನ್ನು ಸಿಂದಗಿಯ ಬಸ್ಸಿಗೆ ಹತ್ತಿಸಿದವನು ನಾನು. ಕುಳಿತ ಕೂಡಲೇ ಪಕ್ಕದ ಹೆಂಗಸಿಗೆ ಹೇಳತೊಡಗಿದಳು: ನಮ್ಮ ಹನ್ನೊಂದು ಮನಿ ಸರಕಾರದ ಕಾಗದದಾಗ ಬಂದಾವು, ಇಗಾ ಈ ತಮ್ಮನೇ ಮುಂದ ನಿಂತು ಬರಸ್ಯಾನ. ಆ ಹೆಂಗಸು ನನ್ನ ಕಡೆ ನೋಡಿ ಕೈಮುಗಿದಳು. ಬಸ್ಸು ಹೊರಟಾಗ ಮಾಳವ್ವ ಕಿಟಕಿಯಿಂದ ಕೂಗಿದಳು: "ಮಿರಗದ ಮಳಿಗೆ ಬರತೇವಿ. ಇರಪಾ ಮತ್ತ, ಜಾಗಾ ತೋರಸಾಕ ನೀನ ಬೇಕು."

"ಇರತೇನಿ," ಎಂದೆ.

ಕಚೇರಿಗೆ ಮರಳಿ ಬಿಳಿಯ ಕಾಗದ ತೆಗೆದುಕೊಂಡು ಬೇರೆ ತಾಲೂಕಿಗೆ ವರ್ಗ ಕೇಳಿ ಅರ್ಜಿ ಬರೆದೆ. ಅದನ್ನು ಬರೆಯಲು ನನಗೆ ಶ್ರಾವಣದವರೆಗೆ ಹಿಡಿಯಲಿಲ್ಲ, ಅರ್ಧ ತಾಸು ಸಾಕಾಯಿತು. ಮೃಗಶಿರ ಮಳೆ ಬಿದ್ದ ದಿನ ನಾನು ಇಂಡಿಯಲ್ಲಿದ್ದೆ.